ಮಂಗಳವಾರದ ಲೆಕ್ಕ

ಮಂಗಳವಾರ ಕಡಲಿಗೆ ರಜೆ.
ಮೊರೀ ಊರಿನಲ್ಲಿ ಇವತ್ತು ಯಾರೂ ದೋಣಿ ನೂಕುವುದಿಲ್ಲ,
ಕಡಲ ದೇವರು ತನ್ನ ಮೀನು ಎಣಿಸಿಕೊಳ್ಳುವ ದಿನವಂತೆ.
ಎಣಿಸಿಕೊಳ್ಳಲಿ. ನನಗೂ ಎಣಿಸುವುದಿದೆ.
ಹೊಗೆಯೊಲೆಯ ಗೋಡೆಯೆದುರು ಕುಕ್ಕರಗಾಲಲ್ಲಿ ಕೂತಿದ್ದೇನೆ,
ಬೆರಳಲ್ಲಿ ಇದ್ದಿಲು.

ಉದ್ದ ಗೀಟು ಒಂದು ಕ್ಯಾನು ಎಣ್ಣೆ.
ಅಡ್ಡ ಗೀಟು ಸಾಲ ತಂದ ಕ್ಯಾನು.
ಚುಕ್ಕೆ ಎಂದರೆ ದಾರಿಯಲ್ಲಿ ಮಾರಿಕೊಂಡದ್ದು;
ಮಾರಿಕೊಂಡವನ ಹೆಸರು ಗೋಡೆಗೆ ಬೇಡ,
ನಾದಿನಿಯ ಮಗ.

ದೋಣಿ ನನ್ನದು, ಒಂದು ದಿನವೂ ಹತ್ತಿದವಳಲ್ಲ.
ಹೆಂಗಸು ಹತ್ತಬಾರದಂತೆ.
ಹೆಂಗಸಿನ ದುಡ್ಡು ಹತ್ತಬಹುದು,
ಕ್ಯಾನಿನೊಳಗೆ ಕೂತು, ದಡ ಕಾಣದಷ್ಟು ದೂರ ಹೋಗಬಹುದು,
ಹೊಗೆಯಾಗಿ ಅಲ್ಲೇ ಉಳಿಯಬಹುದು.

ಎಂಜಿನ್ನಿಗೆ ನಲವತ್ತು ಕುದುರೆಯ ಶಕ್ತಿ ಎಂದ ಮಾರಿದವನು.
ಕುದುರೆ ನಾನು ನೋಡಿಲ್ಲ,
ನಲವತ್ತು ಬಾಯಿ ನೋಡಿದ್ದೇನೆ.
ಮೀನು ಸಿಕ್ಕರೂ ಕುಡಿಯುತ್ತದೆ, ಸಿಗದಿದ್ದರೂ ಕುಡಿಯುತ್ತದೆ.
ಸಿಕ್ಕ ದಿನ ಪಾಲು ಹಂಚುವಾಗ
ಆಳಿಗೊಂದು, ಬಲೆಗೊಂದು, ದೋಣಿಗೊಂದು,
ಎಂಜಿನ್ನಿಗೂ ಒಂದು!
ಕುಡಿದದ್ದು ಬೇರೆ, ಪಾಲು ಬೇರೆ.
ಇಂಥ ಅಳಿಯನನ್ನು ಯಾವ ಅತ್ತೆಯೂ ಎರಡನೆಯ ರಾತ್ರಿ ಉಳಿಸಿಕೊಳ್ಳಲಾರಳು.

ಎಣ್ಣೆ ಬಂತೆಂಬ ಸುದ್ದಿಗೆ ಬೆಳಗಿನ ಜಾವವೇ ಸಾಲು ನಿಲ್ಲುತ್ತೇನೆ.
ಅಂಗೈಗೆ ಎರಡು ಹನಿ ಹಾಕಿಸಿಕೊಂಡು ಊದಿ ನೋಡುತ್ತೇನೆ,
ಆರಿದರೆ ಸರಿ, ಉಳಿದರೆ ನೀರು ಬೆರೆಸಿದ್ದಾನೆ.
ಬಂಕಿನ ಅಬೇಕು ನಗುತ್ತಾನೆ:
'ಅಮ್ಮಾ ಎಕುವಾ, ನಿನ್ನ ಕೈಗೆ ಎಷ್ಟು ವರ್ಷದ ಅನುಭವ?'
ಒಂದು ಬೊಗಸೆಯಷ್ಟು, ಮಗನೇ. ನೀನು ಅಳೆದು ಹಾಕು.

ಹೋದ ಶುಕ್ರವಾರ ಕತ್ತಲಾದರೂ ದೋಣಿ ಬರಲಿಲ್ಲ.
ನಮ್ಮ ಎಂಜಿನ್ನಿನ ಕೆಮ್ಮು ನನಗೆ ಗೊತ್ತು,
ಮೂರು ಉಸಿರಿಗೊಂದು ತೊದಲು.
ಕಿವಿಯನ್ನು ದಡದಲ್ಲೇ ಬಿಟ್ಟು ಮನೆಗೆ ಬಂದೆ,
ಒಲೆ ಹೊತ್ತಿಸಿದೆ, ಆರಿಸಿದೆ.
ಸೌದೆಗೂ ದುಡ್ಡು ತಾನೆ.

ಬೆಳಗ್ಗೆ ಸದ್ದೇ ಇಲ್ಲದೆ ಬಂತು.
ಹಿಟ್ಟಿನ ಚೀಲ ಬಿಚ್ಚಿ ಹೊಲಿದು ಪಟ ಕಟ್ಟಿದ್ದರು,
ಮುದುಕ ತಾವಿಯಾ ಚುಕ್ಕಾಣಿಯಲ್ಲಿ,
ಅವನ ಅಜ್ಜ ಕೂರುತ್ತಿದ್ದ ಹಾಗೆಯೇ, ಎದೆಯುಬ್ಬಿಸಿ.
ಹುಡುಗರು ತಲೆ ತಗ್ಗಿಸಿದ್ದರು.
ಎಣ್ಣೆ ಮುಗಿದಿತ್ತು, ಆದರೆ ಬೂತಾಯಿ!
ದೋಣಿಯ ಅಂಚಿಗೂ ನೀರಿಗೂ ನಡುವೆ ಒಂದು ಗೇಣು ಅಷ್ಟೇ.

'ನೋಡು ಎಕುವಾ' ಎಂದ ತಾವಿಯಾ,
'ಬರುವ ದಾರಿಗೆ ಒಂದು ಕಾಸೂ ಇಲ್ಲ. ಗಾಳಿ ಪುಕ್ಕಟೆ.'
ದಡವೆಲ್ಲ ಚಪ್ಪಾಳೆ ಹೊಡೆಯಿತು. ನಾನೂ ಹೊಡೆದೆ.
ಆಮೇಲೆ ಬುಟ್ಟಿಗೆ ಕೈ ಹಾಕಿದೆ.

ಐಸು ಯಾವಾಗಲೋ ನೀರಾಗಿತ್ತು.
ಮೀನಿನ ಹೊಟ್ಟೆ ಹೆಬ್ಬೆರಳಿಗೆ ಮೆತ್ತಗೆ ದಾರಿ ಬಿಟ್ಟಿತು,
ಕಣ್ಣು ಮೋಡ ಕವಿದಂತೆ.
ಕೇಪ್ ಕೋಸ್ಟಿನ ಲಾರಿಯವಳು ಮೂಸಿ, ಏನೂ ಹೇಳದೆ,
ಪಕ್ಕದ ದೋಣಿಯ ಕಡೆ ನಡೆದಳು.
ಎಲ್ಲವೂ ಹೊಗೆಗೆ ಹೋಯಿತು, ಅರ್ಧ ಬೆಲೆಗೆ.
ತಾವಿಯಾನಿಗೆ ಹೇಳಲಿಲ್ಲ.
ಅವನು ಇಡೀ ದಿನ ಆ ಚೀಲದ ಪಟವನ್ನು ಮಡಿಸುತ್ತಲೇ ಇದ್ದ.

ಈಗ ಗೋಡೆಯೆದುರು ಇದ್ದಿಲು ಹಿಡಿದು ಕೂತಿದ್ದೇನೆ.
ಗಾಳಿಗೆ ಯಾವ ಗೀಟು?
ಉದ್ದವೇ, ಅಡ್ಡವೇ? ಚುಕ್ಕೆಯಂತೂ ಅಲ್ಲ, ಅದು ಯಾರನ್ನೂ ಕದ್ದಿಲ್ಲ.

ಹೊರಗೆ ನಾದಿನಿಯ ಮಗ ಎಂಜಿನ್ನಿನ ಪ್ಲಗ್ಗು ಬಿಚ್ಚಿ
ಮರಳುಕಾಗದದಲ್ಲಿ ತಿಕ್ಕುತ್ತಿದ್ದಾನೆ,
ನಾನು ಹೇಳಿರಲಿಲ್ಲ.
ನಾಳೆಗೆ ನಾಲ್ಕು ಕ್ಯಾನು ಬೇಕು, ದುಡ್ಡಿರುವುದು ಎರಡಕ್ಕೆ.
ಎರಡು ಉದ್ದ ಗೀಟು ಈಗಲೇ ಎಳೆದಿಟ್ಟೆ,
ಎರಡು ಅಡ್ಡ.
ಇದ್ದಿಲು ಒರೆಸಿಕೊಳ್ಳಲು ಬಟ್ಟೆ ಹುಡುಕಿದರೆ
ಕೈಗೆ ಸಿಕ್ಕಿದ್ದು ಮಡಿಸಿದ ಆ ಪಟ.
ಸೀರಿಗೇ ಒರೆಸಿಕೊಂಡೆನೆಂದು ಬೈಯುವವರಿಲ್ಲ,
ಉಟ್ಟ ಬಟ್ಟೆಗೇ ಒರೆಸಿಕೊಂಡೆ.